ಪಾಲಿನ ಕೋಳಿ

ನಮ್ಮ ಕೂಡ್ಲಿಗಿ ಸೀಮೆಯಲ್ಲಿ ಹೊಲವನ್ನು ಪಾಲಿಗೆ ಕೊಡುತ್ತಾರೆ, ಆಡನ್ನು ಪಾಲಿಗೆ ಬಿಡುತ್ತಾರೆ, ಕೋಳಿಯ ಕಾವನ್ನೂ ಪಾಲಿಗೆ ಹಾಕುತ್ತಾರೆ. ಹೊಲದ ತಕರಾರಿಗೆ ಹಿರಿಯರು ಕೂಡಿ ಪಂಚಾಯ್ತಿ ಮಾಡುವುದುಂಟು. ಕೋಳಿಯ ತಕರಾರಿಗೆ ಯಾರೂ ಕೂಡುವುದಿಲ್ಲ. ಕೂಡಿದವರಿಗೆ ಊಟಕ್ಕೆ ಹಾಕಬೇಕಲ್ಲ. ಹಾಕಿದರೆ ತಕರಾರಿನ ವಸ್ತುವೇ ಸಾರಿನೊಳಗೆ ಹೋಗಿಬಿಡುತ್ತದೆ.

ಕರಾರು ಇಷ್ಟೇ: ಕಾವಿಗೆ ಬಂದ ಹ್ಯಾಟೆ ಒಬ್ಬರದು, ಮೊಟ್ಟೆ ಇನ್ನೊಬ್ಬರದು, ಆದ ಮರಿಯಲ್ಲಿ ಅರ್ಧರ್ಧ. ನಮ್ಮ ಹ್ಯಾಟೆ ಮೈ ಉಬ್ಬಿಸಿಕೊಂಡು ಮೂಲೆ ಹಿಡಿದು ‘ಕೊರ್ರ್’ ಅಂದ ಸದ್ದು ಒಳಗಿರುವ ನಮ್ಮ ಕಿವಿಗೆ ಬೀಳುವುದಕ್ಕಿಂತ ಮೊದಲೇ ಎದುರುಮನೆ ದೊಡ್ಡವ್ವನ ಕಿವಿಗೆ ಬಿದ್ದಿರುತ್ತದೆ. ಆಕೆ ಉಡಿಯಲ್ಲಿ ಮೊಟ್ಟೆ ಕಟ್ಟಿಕೊಂಡು ಬಂದು, “ತಂಗೀ, ನಿನ್ ಕೋಳಿ ಖಾಲಿ ಕುಂತೈತಲ್ಲೇ” ಎಂದು ನಮ್ಮವ್ವನೆದುರು ಮರುಗುತ್ತಾಳೆ. ಆ ಮೊಟ್ಟೆಗಳಲ್ಲಿ ಗಿರಿರಾಜನವೂ ಇರುತ್ತವೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನವರು ರೂಪಿಸಿದ ಈ ತಳಿ ಮೈಕೈ ತುಂಬಿಕೊಂಡು ಬೆಳೆಯುತ್ತದೆ, ಮೊಟ್ಟೆಯನ್ನೂ ಧಾರಾಳವಾಗಿ ಇಡುತ್ತದೆ. ಅದರ ಮೇಲೆ ಕೂರುವ ಗೊಡವೆಗೆ ಹೋಗುವುದು ಮಾತ್ರ ಅಪರೂಪ. ಹೆರುವುದು ಸರ್ಕಾರಿ ತಳಿ, ಬಾಣಂತನ ನಾಟಿಯದು.

ಹಳೇ ಪುಟ್ಟಿಗೆ ಬೂದಿ, ಅದರ ಮೇಲೆ ಶೇಂಗಾ ಹೊಟ್ಟು, ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಒಂದು ಕಬ್ಬಿಣದ ಮೊಳೆ, ಒಂದು ಇದ್ದಿಲು, ಎರಡು ಒಣಮೆಣಸಿನಕಾಯಿ. ನಮ್ಮ ಕಡೆ ಗುಡುಗಿದರೆ ಮೊಟ್ಟೆ ಕೆಟ್ಟರೂ ಚಿಂತೆಯಿಲ್ಲ, ಮಳೆ ಬರಲಿ ಎಂದು ಹೊಲದವರೆಲ್ಲ ಕೈ ಮುಗಿಯುತ್ತಿರುತ್ತಾರೆ. ಮೊಳೆ ಇಡುವ ಅವ್ವನೂ ಆ ಕೈ ಮುಗಿಯುವವರಲ್ಲಿ ಒಬ್ಬಳು. ದೇವರು ಯಾವುದನ್ನು ಕೇಳಿಸಿಕೊಳ್ಳಬೇಕೋ!

ಇಪ್ಪತ್ತೊಂದು ದಿನಕ್ಕೆ ಮರಿಯಾದವು. ಆಗ ಬಂತು ಶಾಖದ ಪ್ರಶ್ನೆ. ಸಂಡೂರಿನಿಂದ ಬಂದಿದ್ದ ನಮ್ಮಳಿಯ ಫಾರಂ ಕೋಳಿ ಸಾಕಿ ಕೈ ಸುಟ್ಟುಕೊಂಡ ಅನುಭವಿ. ಮೊದಲ ವಾರ ಮರಿಗೆ 35 ಡಿಗ್ರಿ ಸೆಲ್ಸಿಯಸ್ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು, ಅದಕ್ಕೆ ಬಲ್ಬು ಕಟ್ಟಬೇಕು ಎಂದ. ಹೊರಗೆ ಮೇ ತಿಂಗಳ ಮಧ್ಯಾಹ್ನ. ಬಳ್ಳಾರಿ ಸೀಮೆಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಮಾತನ್ನು ಜಿಲ್ಲೆ ಒಡೆದ ಮೇಲೂ ಯಾರೂ ನಮ್ಮಿಂದ ಕಿತ್ತುಕೊಂಡಿಲ್ಲ. ಅವನ ಲೆಕ್ಕದಲ್ಲಿ ಕೊಟ್ಟೂರಿನಿಂದ ಗುಡೇಕೋಟೆಯವರೆಗೆ ಇಡೀ ಸೀಮೆಯೇ ಒಂದು ಬ್ರೂಡರು. ಬಲ್ಬಿನ ಬದಲು ಯಾರಾದರೂ ಫ್ಯಾನು ಕಟ್ಟಿದ್ದರೆ ಮರಿಗಳ ಜೊತೆ ನಾವೂ ಅದರಡಿ ಕೂರುತ್ತಿದ್ದೆವು.

ಆದರೆ ಹಗಲು ಸುಟ್ಟ ಊರಿಗೇ ರಾತ್ರಿ ಇದ್ದಕ್ಕಿದ್ದಂತೆ ಗಾಳಿ ಎದ್ದು ಅಡ್ಡಮಳೆ ಬರುತ್ತದೆ. ಎಳೇ ಮರಿಗೆ ತನ್ನ ಮೈಯ ಬಿಸಿಯನ್ನು ತಾನೇ ಹಿಡಿದಿಡುವ ಶಕ್ತಿ ಇರುವುದಿಲ್ಲ, ನೆನೆದರೆ ಮುಗಿಯಿತು. ಮಳೆ ಬಂದ ರಾತ್ರಿ ಕರೆಂಟು ಹೋಯಿತು. ಅಳಿಯನ ಬಲ್ಬು ಆರಿತು, ಅಳಿಯ ಆಗಲೇ ಮಲಗಿದ್ದ. ಹ್ಯಾಟೆ ರೆಕ್ಕೆ ಅಗಲಿಸಿ ಎಲ್ಲವನ್ನೂ ಒಳಗೆ ಎಳೆದುಕೊಂಡು ಕೂತಿತು. ಅದರ ಮೈ ಬಿಸಿ ಸುಮಾರು 41 ಡಿಗ್ರಿ. ಕಾವಿಗೆ ಕೂತಾಗ ಎದೆಯ ಪುಕ್ಕ ಉದುರಿ ಬರಿಗೊಳ್ಳುವುದರಿಂದ ಆ ಬಿಸಿ ನೇರ ಒಳಗಿರುವವರಿಗೇ ತಾಗುತ್ತದೆ. ಬೆಳಗ್ಗೆ ಅಳಿಯ ಎದ್ದು, “ನೋಡಿದ್ರಾ, ಬಲ್ಬು ಕಟ್ಟಿದ್ದಕ್ಕೆ ಎಲ್ಲ ಉಳಿದ್ವು” ಎಂದ.

ಅದೇ ವಾರ ಹದ್ದು ಒಂದನ್ನು ಎತ್ತಿತು. ದೊಡ್ಡವ್ವ ಬಂದು ನಿಂತವಳೇ, “ಅಯ್ಯೋ ತಂಗೀ, ನಿನ್ ಮರಿ ಹೋತಲ್ಲೇ” ಎಂದು ಅತ್ತಳು. ಅವ್ವ, “ನಂದಲ್ಲ ಯಕ್ಕಾ, ನಿಂದು” ಎಂದು ಅದಕ್ಕಿಂತ ಜೋರಾಗಿ ಅತ್ತಳು. ಹೋದ ಮರಿಯ ಒಡೆತನವನ್ನು ಇಷ್ಟು ಪ್ರೀತಿಯಿಂದ ಒಬ್ಬರಿಗೊಬ್ಬರು ಬಿಟ್ಟುಕೊಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಕಡೆಗೆ ಗುರುತು ಹಾಕುವುದೆಂದು ತೀರ್ಮಾನವಾಗಿ, ದೊಡ್ಡವ್ವನ ಪಾಲಿನವಕ್ಕೆ ಗುಲಾಬಿ ಬಣ್ಣ ಬಳಿದರು, ನಮ್ಮವು ಇದ್ದ ಹಾಗೇ ಉಳಿದವು.

ಬಣ್ಣ ಕಂಡು ಹ್ಯಾಟೆ ಕುಕ್ಕಿ ಓಡಿಸೀತೆಂದು ನನಗೆ ಭಯ. ಅದು ಕತ್ತೆತ್ತಿಯೂ ನೋಡಲಿಲ್ಲ. 1930ರ ದಶಕದಲ್ಲಿ ಜರ್ಮನಿಯ ಬ್ರೂಕ್ನರ್ ಎಂಬಾತ ಒಂದು ಮರಿಯನ್ನು ಗಾಜಿನ ಬೋಗುಣಿಯೊಳಗೆ ಮುಚ್ಚಿಟ್ಟನಂತೆ. ಮರಿ ಒಳಗೆ ಒದ್ದಾಡುವುದು ಕಣ್ಣಿಗೆ ಕಾಣುತ್ತಿದ್ದರೂ ಅದರ ಕೂಗು ಕೇಳಿಸದ್ದರಿಂದ ತಾಯಿಕೋಳಿ ತನ್ನ ಪಾಡಿಗೆ ಮೇಯುತ್ತಿತ್ತು. ಮರೆಯಲ್ಲಿ ಕಟ್ಟಿಹಾಕಿ ಕೂಗಿಸಿದರೆ ಓಡಿ ಬಂತು. ಕೋಳಿಗೆ ಮಕ್ಕಳೆಂದರೆ ದನಿ. ರಾತ್ರಿ ಕತ್ತಲಲ್ಲಿ ಬೇರೆ ಮರಿಯನ್ನು ರೆಕ್ಕೆಯಡಿ ನೂಕಿದರೂ ಬೆಳಗಾಗುವಷ್ಟರಲ್ಲಿ ಅದು ಮನೆಯದೇ. ನಮ್ಮ ಪಕ್ಕದ ಹರಪನಹಳ್ಳಿಯನ್ನು 1997ರಲ್ಲಿ ಬಳ್ಳಾರಿಯ ರೆಕ್ಕೆಯಡಿಯಿಂದ ತೆಗೆದು ದಾವಣಗೆರೆಯ ಕೆಳಗಿಟ್ಟರು, ಆಮೇಲೆ ಮತ್ತೆ ಬಳ್ಳಾರಿಗೆ, 2021ರಲ್ಲಿ ನಮ್ಮೊಂದಿಗೇ ವಿಜಯನಗರಕ್ಕೆ. ಅದು ಮಾತ್ರ ಇನ್ನೂ ಕೂಗುತ್ತಲೇ ಇದೆ.

ಮುಂದಿನ ಸಲ ಹದ್ದು ಎತ್ತಿದ್ದು ಗುಲಾಬಿಯನ್ನೇ. ಕೆಂಪು ಕಂಡರೆ ಹದ್ದಿಗೆ ಮಾಂಸ ಅನಿಸುತ್ತದೆ, ಅದಕ್ಕೇ ಬೇಕೆಂದು ತನ್ನವಕ್ಕೆ ಬಳಿಸಿದ್ದೀರಿ ಎಂದು ದೊಡ್ಡವ್ವ ಮಾತು ಬಿಟ್ಟಳು. ಕೊಕ್ಕರೆ ರೋಗ ಬಾರದಂತೆ ಮರಿಗಳ ಕಣ್ಣಿಗೆ ಲಸಿಕೆ ಹನಿ ಹಾಕುವ ದಿನ ಮಾತು ತಾನಾಗಿ ಕೂಡಿತು. ಒಂದು ಸೀಸೆ ಕರಗಿಸಿದರೆ ಬೀದಿಗಾಗುವಷ್ಟು ಮದ್ದು, ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಮದ್ದು ಚೆಲ್ಲುವುದು ಇಬ್ಬರಿಗೂ ಆಗದ ಮಾತು. ಮುನಿಸು ಬೇಕಾದರೆ ಚೆಲ್ಲಬಹುದು.

ಮರಿ ಬೆಳೆದವು. ಹ್ಯಾಟೆ ಒಂದು ದಿನ ಎಲ್ಲವನ್ನೂ ಕುಕ್ಕಿ ದೂರ ಓಡಿಸಿ ಮತ್ತೆ ಮೊಟ್ಟೆಗೆ ಬಂತು. ಅದರ ಕಡೆಯಿಂದ ಪಾಲುದಾರಿಕೆ ಮುಗಿದಿತ್ತು. ಇವರ ಲೆಕ್ಕ ಮುಗಿಯಲಿಲ್ಲ. ನುಚ್ಚು ಯಾರದು, ಸಜ್ಜೆ ಯಾರದು, ಲಸಿಕೆಗೆ ಕೊಟ್ಟವರಾರು. ಎಲ್ಲ ಕಳೆದು ಕೂಡಿದ ಮೇಲೆ ಒಂದು ಹುಂಜದ ಮರಿ ಬೆಸವಾಗಿ ಉಳಿಯಿತು. ಅದನ್ನು ಒಬ್ಬರಿಗೊಬ್ಬರು ಬಿಟ್ಟುಕೊಡುವ ಪ್ರೀತಿ ಈ ಸಲ ಇರಲಿಲ್ಲ. “ಊರಮ್ಮಗೆ ಬಿಡಾನ” ಎಂದಳು ದೊಡ್ಡವ್ವ. ಅಮ್ಮನ ಹೆಸರು ಬಂದಮೇಲೆ ಅವ್ವ ಬೇಡ ಅನ್ನಲಾಗಲಿಲ್ಲ.

ಊರಮ್ಮನ ಹಬ್ಬ ಯಾವ ವರ್ಷ ಕೂಡಿ ಬರುತ್ತದೋ. ಅಲ್ಲಿಯವರೆಗೆ ಅದನ್ನು ಮುಟ್ಟುವವರಿಲ್ಲ. ಬೆಳಗ್ಗೆ ನಮ್ಮ ಅಂಗಳದಲ್ಲಿ ಜೋಳ, ಮಧ್ಯಾಹ್ನ ದೊಡ್ಡವ್ವನಲ್ಲಿ ಅನ್ನ, ಮೈಯೆಲ್ಲ ಕೊಬ್ಬು. ನಸುಕಿನಲ್ಲಿ ಕೂಗುವುದು ಮಾತ್ರ ಕಾಳು ಹಾಕದ ಮೂರನೇ ಮನೆಯವರ ಮಾಳಿಗೆ ಹತ್ತಿ. ಆ ಮನೆಯಾಕೆ ಮೊನ್ನೆ ಅವ್ವನನ್ನು ತಡೆದು ಕೇಳಿದಳಂತೆ: “ದಿನಾ ನಮ್ ಮ್ಯಾಗೇ ಕೂಗ್ತೈತಿ. ಅದ್ರಾಗೆ ನಮ್ದೂ ಒಂದು ಪಾಲು ಐತೇನವ್ವ?”