ಜೂನಿಯರಪ್ಪ

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನವಿದೆ. ಅಲ್ಲಿ ಪ್ರಸಾದದ ಸಾಲಿನಲ್ಲಿ ನಿಮ್ಮ ಮುಂದಿರುವವರು ಹಿಂದಕ್ಕೆ ತಿರುಗಿ ‘ನಿಮ್ಮ ಮಗಳು ಯಾವ ಗ್ರೇಡು?’ ಎಂದು ಕೇಳಿದರೆ, ಕೇಳಿದವರು ಜೂನಿಯರಪ್ಪನವರು ಎಂದು ತಿಳಿಯಿರಿ. ಬಾಯಿ ಬಿಡುವ ಮುನ್ನ ಸ್ವಲ್ಪ ಯೋಚಿಸಿ. ಒಂಬತ್ತು ಎಂದರೆ ಉಪದೇಶ ಶುರುವಾಗುತ್ತದೆ, ಸಾರನ್ನದಿಂದ ಮಜ್ಜಿಗೆ ಅನ್ನದವರೆಗೆ ಬಿಡುವಿರುವುದಿಲ್ಲ. ಹನ್ನೆರಡು ಎಂದರೆ ವಿಚಾರಣೆ: ಎಲ್ಲೆಲ್ಲಿಗೆ ಹಾಕಿದ್ದೀರಿ, ಎಸ್.ಎ.ಟಿ. ಎಷ್ಟು ಬಂತು, ಕೌನ್ಸೆಲರ್ ಇಟ್ಟಿದ್ದಿರಾ, ಎಷ್ಟು ತಗೊಂಡರು? ಹನ್ನೊಂದು ಎಂದಿರೋ, ಮುಗಿಯಿತು. ಅವರ ಮುಖ ಮುಂದಕ್ಕೆ ತಿರುಗುತ್ತದೆ. ‘ಇವತ್ತು ಪಾಯಸ ಚೆನ್ನಾಗಿದೆಯಂತೆ’ ಎನ್ನುವುದರ ಹೊರತು ಇನ್ನೊಂದು ಮಾತು ಹೊರಡುವುದಿಲ್ಲ. ಅವರ ಮಗಳೂ ಹನ್ನೊಂದನೇ ಗ್ರೇಡು.

ಅಮೆರಿಕದ ಹೈಸ್ಕೂಲು ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ವರ್ಷ. ಮೂರನೆಯ ವರ್ಷದವರು ಜೂನಿಯರ್‌ಗಳು. ಕಾಲೇಜಿನ ಅರ್ಜಿ ಹೋಗುವುದು ಹನ್ನೆರಡರ ಆರಂಭದಲ್ಲಿ, ಆದ್ದರಿಂದ ಕಾಲೇಜಿನವರ ಕಣ್ಣಿಗೆ ಪೂರ್ತಿಯಾಗಿ ಬೀಳುವ ಕೊನೆಯ ಅಂಕಪಟ್ಟಿ ಹನ್ನೊಂದರದ್ದು. ಒಬ್ಬ ಸಂಭಾವಿತ ಗೃಹಸ್ಥನ ನಿದ್ದೆ ಕೆಡಲು ಇಷ್ಟು ಸಾಕು. ಮಗಳು ನಿದ್ದೆ ಮಾಡುತ್ತಾಳೆ, ಅದು ಬೇರೆ ಮಾತು.

ಜೂನಿಯರಪ್ಪನವರು ಅರಸೀಕೆರೆ ಕಡೆಯವರು. ತೊಂಬತ್ತರ ದಶಕದಲ್ಲಿ ಸಿ.ಇ.ಟಿ. ಬರೆದು ಹಾಸನದ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜು ಸೇರಿದವರು. ಅವರ ಜನ್ಮದಲ್ಲಿ ಕಾಲೇಜು ಪ್ರವೇಶ ಎಂದರೆ ಒಂದು ಅರ್ಜಿ, ಒಂದು ಡಿ.ಡಿ., ಗೆಜೆಟೆಡ್ ಅಧಿಕಾರಿಯ ಒಂದು ಸಹಿ, ಕೊನೆಗೆ ಒಂದು ರ‍್ಯಾಂಕು. ಆ ಸಂಖ್ಯೆ ಹಿಡಿದುಕೊಂಡು ಅಪ್ಪನ ಜೊತೆ ಬೆಂಗಳೂರಿಗೆ ಹೋದರು, ಉಳಿದಿದ್ದ ಸೀಟುಗಳನ್ನು ನೋಡಿದರು, ಎಲೆಕ್ಟ್ರಾನಿಕ್ಸ್ ಎಂದರು, ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಸಂಜೆಯ ಬಸ್ಸಿಗೆ ವಾಪಸ್ಸಾದರು. ನಿಮಗೆ ನಾಯಕತ್ವದ ಗುಣವಿದೆಯೇ, ಸಮಾಜಕ್ಕೆ ಏನು ಮಾಡಿದ್ದೀರಿ, ಯಾವ ಪುಸ್ತಕ ನಿಮ್ಮನ್ನು ಬದಲಿಸಿತು ಎಂದು ಅವರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಇವತ್ತಿಗೂ ತೋಟದಲ್ಲೇ ಇರುತ್ತಿದ್ದರು.

ಈಗ ಕೇಳುತ್ತಿದ್ದಾರೆ. ಮಗಳನ್ನು ಕೇಳುತ್ತಿದ್ದಾರೆ ನಿಜ, ಆದರೆ ಉತ್ತರ ಕೊಡಲು ಎದ್ದು ನಿಂತಿರುವುದು ಜೂನಿಯರಪ್ಪನವರು.

ಅಕ್ಟೋಬರಿನಲ್ಲಿ, ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್.ಎ.ಟಿ. ಪರೀಕ್ಷೆಯ ತಾಲೀಮಾದ ಪಿ.ಎಸ್.ಎ.ಟಿ. ಬರುತ್ತದೆ. ಬರೆಯುವ ಮಕ್ಕಳು ಒಪ್ಪಿದರೆ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಅವರ ಮಾಹಿತಿಯನ್ನು ಕಾಲೇಜುಗಳಿಗೆ ಒದಗಿಸುತ್ತದೆ. ಆಮೇಲೆ ಮನೆಯ ಅಂಚೆಪೆಟ್ಟಿಗೆ ಬಾಗಿಲು ಹಾಕಲು ಆಗದಷ್ಟು ಉಬ್ಬುತ್ತದೆ. ನುಣುಪು ಕಾಗದ, ಹಳದಿ ಎಲೆಗಳ ಮರ, ಅದರ ಕೆಳಗೆ ನಗುತ್ತಾ ಓದುವ ನಾಲ್ಕು ಬಣ್ಣದ ನಾಲ್ಕು ಮಕ್ಕಳು, ಮೇಲೆ ಮಗಳ ಹೆಸರು. ಮೊದಲನೆಯದು ಬಂದ ದಿನವೇ ಜೂನಿಯರಪ್ಪನವರು ಅರಸೀಕೆರೆಗೆ ಫೋನು ಹಚ್ಚಿದರು.

‘ಅಪ್ಪಾ, ಯೂನಿವರ್ಸಿಟಿಯಿಂದಲೇ ಕಾಗದ ಬಂದಿದೆ. ಅವಳ ಹೆಸರಿಗೇ.’

‘ಹಂಗಾದ್ರೆ ಸೀಟ್ ಆಯ್ತಲ್ಲ ಬಿಡು’ ಎಂದರು ಆ ಕಡೆಯಿಂದ ಅವರಪ್ಪ.

ಆಗಿಲ್ಲ ಎಂದು ವಿವರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಎಲ್ಲಾ ಕೇಳಿಸಿಕೊಂಡ ಮೇಲೆ ಹಿರಿಯರು, ‘ನಾನು ಬಂದಾಗ ನಿಮ್ಮನೆ ಹತ್ರಾನೇ ಒಂದು ದೊಡ್ಡ ಕಾಲೇಜಿತ್ತಲ್ಲೋ, ಒಳಗೇ ಬಸ್ ಓಡ್ತಿದ್ವು. ಅದಕ್ಕೇನಾಗಿದೆ?’ ಎಂದು ಕೇಳಿದರು. ಅದು ರಟ್ಗರ್ಸ್. 1766ರಲ್ಲಿ, ಅಂದರೆ ಅಮೆರಿಕ ದೇಶವಾಗಿ ಹುಟ್ಟುವ ಮೊದಲೇ, ಸನ್ನದು ಪಡೆದ ಸಂಸ್ಥೆ. ಅದಕ್ಕೇನೂ ಆಗಿಲ್ಲ. ಜೂನಿಯರಪ್ಪನವರು ಸ್ವತಃ ಎಂ.ಎಸ್. ಮಾಡಿದ್ದು ಅಲ್ಲೇ. ಆದರೆ ಅದನ್ನು ಪಟ್ಟಿಯ ಕೆಳಗೆ, ಎಲ್ಲೂ ಸಿಗದಿದ್ದರೆ ಇರಲಿ ಎಂದು, ‘ಸೇಫ್ಟಿ’ ಎಂಬ ಕೋಣೆಯಲ್ಲಿಟ್ಟಿದ್ದಾರೆ.

ಪಟ್ಟಿ ಎಂದೆನಲ್ಲ, ಅದು ಎಕ್ಸೆಲ್‌ನಲ್ಲಿದೆ. ಆಫೀಸಿನಲ್ಲಿ ಅವರು ಪ್ರಾಜೆಕ್ಟ್ ಮ್ಯಾನೇಜರ್, ಮನೆಗೆ ಬಂದ ಮೇಲೂ ಆ ಕೆಲಸದಿಂದ ಬಿಡುಗಡೆಯಿಲ್ಲ. ಹಸಿರು, ಹಳದಿ, ಕೆಂಪು ಬಣ್ಣದ ಕಾಲಮ್ಮುಗಳಲ್ಲಿ ಮಗಳ ಹದಿನಾರು ವರ್ಷ ಹರಡಿಕೊಂಡಿದೆ. ಭಾನುವಾರ ಸಂಜೆ ‘ಸ್ಟೇಟಸ್ ಮೀಟಿಂಗ್’. ಹೆಂಡತಿಗೆ ಅದರಲ್ಲಿ ಹಾಜರಾತಿ ಕಡ್ಡಾಯ, ಮಾತು ನಿಷಿದ್ಧ. ಆಕೆ ಬಟಾಣಿ ಬಿಡಿಸುತ್ತಾ ಕೂತಿರುತ್ತಾರೆ. ಮಗಳು ಮೇಜಿನ ಕೆಳಗೆ ಫೋನು ನೋಡುತ್ತಿರುತ್ತಾಳೆ.

ಈ ದೇಶದಲ್ಲಿ ಅನೇಕ ಕಾಲೇಜುಗಳಿಗೆ ‘ಕಾಮನ್ ಆ್ಯಪ್’ ಎಂಬ ಒಂದೇ ಅರ್ಜಿಯಿಂದ ಕೆಲಸವಾಗುತ್ತದೆ, ಆಗಸ್ಟ್ 1ಕ್ಕೆ ತೆರೆಯುತ್ತದೆ. ಅದರಲ್ಲಿ ತರಗತಿಯ ಹೊರಗೆ ಮಾಡಿದ ಸಾಧನೆಗಳಿಗೆ ಹತ್ತು ಸಾಲು ಜಾಗ, ಒಂದೊಂದರ ವಿವರಣೆಗೆ 150 ಅಕ್ಷರ. ಪದವಲ್ಲ, ಅಕ್ಷರ. ಐದನೇ ವಯಸ್ಸಿನಿಂದ ಕಲಿತ ಭರತನಾಟ್ಯ, ವಾರಕ್ಕೆರಡು ಸಲ ಮಂಜಿನಲ್ಲಿ ಕಾರು ಓಡಿಸಿದ ತಾಯಿ, ರಂಗಪ್ರವೇಶಕ್ಕೆ ಕಾಂಚೀಪುರದಿಂದ ತರಿಸಿದ ಸೀರೆಯ ಬಟ್ಟೆ, ಬೆಂಗಳೂರಿನಿಂದ ಕರೆಸಿದ ಮೃದಂಗದವರು, ಮುನ್ನೂರು ಜನಕ್ಕೆ ಊಟ, ಎಲ್ಲವೂ 150ರಲ್ಲಿ ಮುಗಿಯಬೇಕು. ಜೂನಿಯರಪ್ಪನವರು ಒಂದಿಡೀ ಶನಿವಾರ ಕೂತು ಅಲಾರಿಪುವಿನಿಂದ ತಿಲ್ಲಾನದವರೆಗೆ 149ಕ್ಕೆ ಇಳಿಸಿದರು. ಆಮೇಲೆ ಅನುಮಾನ ಬಂತು. ನಾಟ್ಯ ಬರೆದರೆ ‘ಮತ್ತೊಬ್ಬಳು ಇಂಡಿಯನ್’ ಅಂದುಕೊಳ್ಳುತ್ತಾರೆ, ಬರೆಯದಿದ್ದರೆ ಇಷ್ಟು ವರ್ಷ ಕಟ್ಟಿದ ಫೀಸು ದಂಡ. 2023ರ ಜೂನ್‌ನಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ತಳ್ಳಿಹಾಕಿದ ತೀರ್ಪನ್ನು ಅವರು ಅಂಡರ್‌ಲೈನ್ ಹಾಕಿಕೊಂಡು ಓದಿದ್ದಾರೆ. ಓದಿದ ಮೇಲೂ ನಾಟ್ಯ ಇರಲೋ ಬೇಡವೋ ಎಂಬುದು ಇತ್ಯರ್ಥವಾಗಿಲ್ಲ. ಆ ಸಾಲು ಸದ್ಯಕ್ಕೆ ಹಳದಿ.

ಪ್ರತಿ ಸಾಲಿಗೂ ವಾರಕ್ಕೆ ಎಷ್ಟು ಗಂಟೆ ಎಂದು ತುಂಬಬೇಕು. ನಾಟ್ಯ, ಡಿಬೇಟು, ಸೈನ್ಸ್ ಒಲಿಂಪಿಯಾಡ್, ಟೆನಿಸ್, ಆಸ್ಪತ್ರೆಯಲ್ಲಿ ಸೇವೆ, ಕನ್ನಡ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಅ ಆ ಇ ಈ. ಅಪ್ಪ ಉದಾರವಾಗಿ ತುಂಬಿದರು. ಮಗಳು ಕೂಡಿ ನೋಡಿ, ಶಾಲೆಯ ಹೊತ್ತನ್ನೂ ಸೇರಿಸಿ, ‘ಅಪ್ಪಾ, ವಾರಕ್ಕೆ ಇರೋದೇ 168 ಅವರ್ಸ್. ಈ ಪ್ರಕಾರ ನಾನು ಸ್ನಾನ ಮಾಡೋ ಹಾಗಿಲ್ಲ’ ಎಂದಳು. ಅಪ್ಪ ಟೆನಿಸಿನಿಂದ ಎರಡು ಗಂಟೆ ತೆಗೆದು ಸ್ನಾನಕ್ಕೆ ಕೊಟ್ಟರು.

ಎಸ್.ಎ.ಟಿ. ವಿಷಯದಲ್ಲಿ ಅವರು ಯಾರನ್ನೂ ನಂಬುವುದಿಲ್ಲ. ಕೋವಿಡ್ ಕಾಲದಲ್ಲಿ ಅನೇಕ ಕಾಲೇಜುಗಳು ಅದು ಐಚ್ಛಿಕ ಎಂದವು. 2022ರಲ್ಲಿ ಎಂ.ಐ.ಟಿ. ಮತ್ತೆ ಕಡ್ಡಾಯ ಮಾಡಿತು, 2024ರಲ್ಲಿ ಡಾರ್ಟ್ಮತ್, ಯೇಲ್, ಹಾರ್ವರ್ಡ್ ಹಿಂದೆ ಬಂದವು. ಕ್ಯಾಲಿಫೋರ್ನಿಯಾದ ಯು.ಸಿ. ವಿಶ್ವವಿದ್ಯಾಲಯಗಳು ಮಾತ್ರ ಕೊಟ್ಟರೂ ನೋಡುವುದಿಲ್ಲ ಎನ್ನುತ್ತವೆ. ‘ನೋಡಲ್ಲ ಅಂತಾರೆ, ಒಳಗೊಳಗೆ ನೋಡ್ತಾರೆ’ ಎಂಬುದು ಜೂನಿಯರಪ್ಪನವರ ದೃಢ ಅಭಿಪ್ರಾಯ. ಮಾರ್ಚಿನಲ್ಲಿ ಮಗಳಿಗೆ 1600ಕ್ಕೆ 1520 ಬಂತು. ಅವರು ಬಯ್ಯಲಿಲ್ಲ, ಅಷ್ಟರ ಮಟ್ಟಿಗೆ ಅವರು ಆಧುನಿಕರು. ‘ಒಳ್ಳೇದೇ’ ಎಂದರು. ಆ ‘ದೇ’ ಮುಗಿಯುವುದರೊಳಗೆ ಆಗಸ್ಟಿನ ಪರೀಕ್ಷೆಗೆ ದುಡ್ಡು ಕಟ್ಟಿ ಆಗಿತ್ತು.

ಅರ್ಜಿಯಲ್ಲೂ ಬಗೆಗಳಿವೆ. ಊರಿನಿಂದ ಬಂದಿದ್ದ ಅತ್ತೆಗೆ ಜೂನಿಯರಪ್ಪನವರು ಅದನ್ನು ವಿವರಿಸಿದ ರೀತಿ ನನಗೆ ಬಹಳ ಹಿಡಿಸಿತು. ‘ಅರ್ಲಿ ಆ್ಯಕ್ಷನ್ ಅಂದ್ರೆ ಹೆಣ್ಣು ನೋಡೋ ಶಾಸ್ತ್ರ ಅತ್ತೆ, ಉಪ್ಪಿಟ್ಟು ತಿಂದು ಬರಬಹುದು, ಮಾತು ಕೊಡಬೇಕಾಗಿಲ್ಲ. ಅರ್ಲಿ ಡಿಸಿಷನ್ ಅಂದ್ರೆ ತಾಂಬೂಲ ಬದಲಾಯಿಸಿದ ಹಾಗೆ. ಒಂದೇ ಮನೆ, ಒಪ್ಪಿದ್ರೆ ಬೇರೆ ಕಡೆ ಮುಖ ಎತ್ತಿ ನೋಡೋ ಹಾಗಿಲ್ಲ. ವೇಟ್‌ಲಿಸ್ಟ್ ಅಂದ್ರೆ, ಜಾತಕ ಇಟ್ಕೊಂಡಿದ್ದೀವಿ, ತಿಳಿಸ್ತೀವಿ ಅಂತಾರಲ್ಲ, ಅದು.’ ಅತ್ತೆಗೆ ಎಲ್ಲವೂ ಅರ್ಥವಾಯಿತು. ‘ಗಂಡಿನ ಕಡೆಯವರು ವರದಕ್ಷಿಣೆ ಎಷ್ಟು ಕೇಳ್ತಾರೆ?’ ಎಂದರು. ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ಊಟ ವಸತಿ ಸೇರಿ ವರ್ಷಕ್ಕೆ 80,000 ಡಾಲರ್ ದಾಟುತ್ತದೆ. ಅಳಿಯ ಅದನ್ನು ರೂಪಾಯಿಗೆ ತಿರುಗಿಸಿ ಹೇಳಲಿಲ್ಲ. ಅತ್ತೆಗೆ ಬಿ.ಪಿ. ಇದೆ.

ಏಪ್ರಿಲ್‌ನ ರಜೆಯಲ್ಲಿ ಕಾಲೇಜು ಯಾತ್ರೆ. ಪ್ರಿನ್ಸ್‌ಟನ್ ಮನೆಯ ಹತ್ತಿರವೇ, ಫಿಲಡೆಲ್ಫಿಯಾ ಒಂದು ದಿನ, ಆಮೇಲೆ ಬಾಸ್ಟನ್. ಎಲ್ಲಾ ಕಡೆ ಒಬ್ಬ ವಿದ್ಯಾರ್ಥಿ ಹಿಮ್ಮುಖವಾಗಿ ನಡೆಯುತ್ತಾ ಕಟ್ಟಡಗಳನ್ನು ತೋರಿಸುತ್ತಾನೆ. ಜೂನಿಯರಪ್ಪನವರು ಗುಂಪಿನ ಮೊದಲ ಸಾಲಿನಲ್ಲಿ ನೋಟ್‌ಬುಕ್ ಹಿಡಿದು, ಆತನಿಗೆ ಎಡವುವಷ್ಟು ಸಮೀಪದಲ್ಲಿರುತ್ತಾರೆ. ಮಗಳು ಹಿಂದೆ, ತಾನು ಬೇರೆ ಯಾರದೋ ಮನೆಯವಳೆಂದು ಕಾಣುವಷ್ಟು ದೂರದಲ್ಲಿ. ಅಪ್ಪನ ಪ್ರಶ್ನೆ ಶುರುವಾದರೆ ಇನ್ನೂ ಹತ್ತು ಹೆಜ್ಜೆ ಹಿಂದೆ.

ಹಾರ್ವರ್ಡಿನ ಅಂಗಳದಲ್ಲಿ ಜಾನ್ ಹಾರ್ವರ್ಡ್ ಕುಳಿತಿರುವ ಕಂಚಿನ ವಿಗ್ರಹವಿದೆ, 1884ರದ್ದು. ಅದಕ್ಕೆ ಮೂರು ಸುಳ್ಳಿನ ವಿಗ್ರಹ ಎಂದೇ ಹೆಸರು. ಕೆಳಗೆ ಸಂಸ್ಥಾಪಕ ಎಂದು ಕೆತ್ತಿದ್ದಾರೆ, ಆತ ಸಂಸ್ಥಾಪಕನಲ್ಲ, ಪುಸ್ತಕ ಮತ್ತು ಹಣ ಕೊಟ್ಟ ದಾನಿ. 1638 ಎಂದಿದೆ, ಕಾಲೇಜು ಶುರುವಾದದ್ದು 1636ರಲ್ಲಿ. ಮುಖವೂ ಆತನದಲ್ಲ, ಆತನ ಚಿತ್ರವೇ ಉಳಿದಿಲ್ಲವಾದ್ದರಿಂದ ಇನ್ನೊಬ್ಬನನ್ನು ಕೂರಿಸಿ ಮಾಡಿದ್ದು. ಪ್ರವಾಸಿಗರು ಅದೃಷ್ಟಕ್ಕೆಂದು ಎಡಗಾಲಿನ ಬೂಟು ಸವರಿ ಸವರಿ ಅದೊಂದು ಕಡೆ ಚಿನ್ನದ ಹಾಗೆ ಹೊಳೆಯುತ್ತದೆ. ಗೈಡ್ ಇದನ್ನೆಲ್ಲ ವಿವರಿಸಿ ನಗಿಸುತ್ತಿರುವಾಗ ಜೂನಿಯರಪ್ಪನವರು ಮುಂದೆ ಹೋಗಿ ಬೂಟನ್ನು ಎರಡೂ ಕೈಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ‘ಪುಟ್ಟಿ, ನೀನೂ ಬಾ’ ಎಂದು ಕರೆದರು. ಪುಟ್ಟಿ ಆ ಹೊತ್ತಿಗೆ ಗೇಟಿನ ಹೊರಗಿದ್ದಳು.

ಇಷ್ಟೆಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ಪ್ರಬಂಧ ಬಂತು.

650 ಪದದ ಮಿತಿ, ಅಭ್ಯರ್ಥಿ ತನ್ನ ಬಗ್ಗೆ ತಾನೇ ಬರೆಯಬೇಕು. ವಿಷಯಗಳಲ್ಲೊಂದು: ನೀವು ಎದುರಿಸಿದ ಸವಾಲು, ಹಿನ್ನಡೆ ಅಥವಾ ಸೋಲು. ಜೂನಿಯರಪ್ಪನವರು ಓದಿ ಮಂಕಾದರು. ಮಗಳಿಗೆ ಕಷ್ಟವೇ ಇಲ್ಲ! ಹದಿನಾರು ವರ್ಷ ಹಗಲೂ ರಾತ್ರಿ ದುಡಿದು, ಒಳ್ಳೆಯ ಸ್ಕೂಲ್ ಡಿಸ್ಟ್ರಿಕ್ಟ್ ನೋಡಿ ಮನೆ ಕೊಂಡು, ಒಂದು ಕಷ್ಟವೂ ಹತ್ತಿರ ಸುಳಿಯದಂತೆ ಕಾದದ್ದು ತಾವೇ. ಈಗ ಅರ್ಜೆಂಟಾಗಿ ಒಂದು ಬೇಕು ಎಂದರೆ ಎಲ್ಲಿಂದ ತರುವುದು? ವಂಶವನ್ನೆಲ್ಲ ಜಾಲಾಡಿದರು. ಅವರಪ್ಪ ಬರಿಗಾಲಲ್ಲಿ ಆರು ಮೈಲಿ ನಡೆದು ಶಾಲೆಗೆ ಹೋದದ್ದು ಬಂಗಾರದಂಥ ಕಷ್ಟ, ಆದರೆ ‘ಅದು ತಾತನ ಕಷ್ಟ ಅಪ್ಪಾ, ನಾನು ಹೇಗೆ ಬರೀಲಿ?’ ಎಂದಳು ಮಗಳು. ಎಂಟನೇ ಕ್ಲಾಸಿನಲ್ಲಿ ಕೈ ಮುರಿದಿತ್ತಲ್ಲ ಎಂದು ನೆನಪಿಸಿದರು. ಮುರಿದದ್ದಲ್ಲ, ಉಳುಕಿದ್ದು, ಅದೂ ಟ್ರ್ಯಾಂಪೊಲಿನ್ ಮೇಲೆ. ಕೊನೆಗೆ ಬಟಾಣಿ ಬಿಡಿಸುತ್ತಿದ್ದ ಹೆಂಡತಿ ನಿಷೇಧ ಮುರಿದು, ‘ನಿಮ್ಮನ್ನೇ ಬರೀಲಿ ಬಿಡಿ’ ಎಂದರು. ಸಭೆಯನ್ನು ಅಲ್ಲಿಗೇ ಮುಂದೂಡಲಾಯಿತು.

ಕೆಲವು ಸಾವಿರ ಡಾಲರ್ ತೆಗೆದುಕೊಂಡ ಖಾಸಗಿ ಕೌನ್ಸೆಲರ್ ಒಂದು ದಾರಿ ತೋರಿಸಿದರು: ಬೇಸಿಗೆಯಲ್ಲಿ ಮಗು ಏನಾದರೂ ‘ಸ್ಥಾಪಿಸಬೇಕು’. ಈ ಸೀಮೆಯಲ್ಲಿ ಹದಿನಾರು ವರ್ಷದ ಸಂಸ್ಥಾಪಕರು ಎಷ್ಟಿದ್ದಾರೆಂದರೆ ಸದಸ್ಯರಾಗಲು ಯಾರೂ ಸಿಗುವುದಿಲ್ಲ. ಜೂನಿಯರಪ್ಪನವರಿಗೆ ತಕ್ಷಣ ಊರು ನೆನಪಾಯಿತು. ಅಲ್ಲಿನ ಸರ್ಕಾರಿ ಶಾಲೆ ಜೂನ್‌ಗೆ ಶುರುವಾಗಿರುತ್ತದೆ, ಇಲ್ಲಿ ರಜೆ. ಮಗಳು ಹೋಗಿ ಹಳ್ಳಿ ಮಕ್ಕಳಿಗೆ ಕೋಡಿಂಗ್ ಕಲಿಸಲಿ. ಸೇವೆ, ನಾಯಕತ್ವ, ಬೇರು, ಕರೆಂಟಿಲ್ಲದ ಕಷ್ಟ, ನಾಲ್ಕೂ ಒಂದೇ ಟಿಕೆಟ್ಟಿನಲ್ಲಿ. ಯೋಜನೆಗೆ ಹೆಸರು, ಲೋಗೊ, ವೆಬ್‌ಸೈಟ್ ಎಲ್ಲವೂ ವಿಮಾನ ಹತ್ತುವ ಮೊದಲೇ ಸಿದ್ಧವಾದವು.

ಮಗಳು ಹೋದಳು. ಕೋಡಿಂಗ್ ಮೂರು ದಿನ ನಡೆಯಿತು. ನಾಲ್ಕನೆಯ ದಿನದಿಂದ ಆ ಮಕ್ಕಳು ಅವಳಿಗೆ ಕುಂಟೆಬಿಲ್ಲೆ ಕಲಿಸತೊಡಗಿದರು, ಅವಳ ಕನ್ನಡವನ್ನೂ ತಿದ್ದಿದರು, ಫೀಸು ತೆಗೆದುಕೊಳ್ಳದೆ. ಎರಡನೇ ವಾರ ಅವಳು ಶಾಲೆಯ ಕಡೆ ಹೋದದ್ದಕ್ಕಿಂತ ತಾತನ ಅಟ್ಟದ ಮೇಲೆ ಕಳೆದದ್ದೇ ಹೆಚ್ಚು. ತಿಪಟೂರು ಅರಸೀಕೆರೆ ಸೀಮೆ ಉಂಡೆ ಕೊಬ್ಬರಿಯ ಸೀಮೆ. ಬಲಿತ ಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗಲು ವರ್ಷವೇ ಹಿಡಿಯುತ್ತದೆ. ಅಲ್ಲಾಡಿಸಿದರೆ ಒಳಗೆ ಗುಡುಗುಡು ಎನ್ನಬೇಕು. ಅವಳು ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾ ಕೂರುತ್ತಿದ್ದಳು.

ಅಲ್ಲಿಗೆ ಜೂನಿಯರಪ್ಪನವರ ವಿಡಿಯೋ ಕರೆ ಹೋಯಿತು. ‘ಪುಟ್ಟಿ, ಪ್ರಾಜೆಕ್ಟ್ ಎಲ್ಲಿಗೆ ಬಂತು? ಫೋಟೊ ತೆಗೆಸಿಕೊಂಡ್ಯಾ?’

‘ಅಪ್ಪಾ, ನಿಂಗೊತ್ತಾ, ತಾತ ಇವನ್ನ ಒಂದು ವರ್ಷ ಸುಮ್ನೆ ಬಿಟ್ಬಿಡ್ತಾರಂತೆ. ಏನೂ ಮಾಡೋದೇ ಇಲ್ವಂತೆ. ಮುಟ್ಟೋದೂ ಇಲ್ವಂತೆ.’

ಆ ಕಡೆ ಕ್ಷಣ ಹೊತ್ತು ಸದ್ದಿಲ್ಲ. ಆಮೇಲೆ ಕೀಬೋರ್ಡಿನ ಸದ್ದು ಕೇಳಿಸಿತು. ‘ಸೂಪರ್! ಇದನ್ನೇ ಹಾಕೋಣ. ಕೋಡಿಂಗ್ ಬಿಟ್ಟುಬಿಡು. ಸಸ್ಟೇನಬಲ್ ಅಗ್ರಿಕಲ್ಚರ್ ಅಂತ ಮಾಡೋಣ. ನಿನ್ನ ಹೆಸರಿನ ಕೆಳಗೆ ಫೌಂಡರ್ ಅಂತ...’

‘ಯಾರೋ ಫೌಂಡರು?’ ಎಂದು ಅಟ್ಟದ ಕತ್ತಲಿನಿಂದ ತಾತನ ದನಿ ಬಂತು. ‘ತೋಟ ಮಾಡಿದ್ದು ನಮ್ಮಪ್ಪ ಕಣೋ.’