ದೊಡ್ಡ ಟೈರಿನ ಜಿಪ್ಸಿ ಮಾಲೀಕರಿಗೆ ಬಹಿರಂಗ ಪತ್ರ

ಮಾನ್ಯರೇ,

ತಮ್ಮ ಮಾರುತಿ ಜಿಪ್ಸಿಯನ್ನು ಕಂಡು ಕಣ್ಣು ತುಂಬಿತು. 31 ಇಂಚಿನ ಟೈರು, ಲಿಫ್ಟ್ ಕಿಟ್, ನೆತ್ತಿಯ ಮೇಲೆ ಸಾಲು ದೀಪ, ಮೂತಿಗೊಂದು ವಿಂಚ್. ಮುಂದಿನ ಎಕ್ಸೆಲ್ ಮಾತ್ರ ಕಂಪನಿ ಕೊಟ್ಟ ಹಾಗೇ ಇದೆಯಂತೆ. ಸರಿಯಾಗಿಯೇ ಮಾಡಿದ್ದೀರಿ. ಫೋಟೊದಲ್ಲಿ ಕಾಣದ ಸಾಮಾನಿಗೆ ಯಾರಾದರೂ ದುಡ್ಡು ಸುರಿಯುತ್ತಾರೆಯೇ?

ಪಾಪ, ಕಂಪನಿಯವರು 205/70 ಆರ್15, ಅಂದರೆ ಸುಮಾರು 26 ಇಂಚು ಎತ್ತರದ ಟೈರನ್ನು ನಂಬಿ ಲೆಕ್ಕ ಹಾಕಿದ್ದರು. 31ಕ್ಕೆ ಏರಿಸಿದಿರಿ, ಅದೇ ದಿಬ್ಬ ಹತ್ತಲು ಎಕ್ಸೆಲ್ ಈಗ ಶೇ 18ರಷ್ಟು ಹೆಚ್ಚು ತಿರುಚುಬಲ ತಾಳಬೇಕು. ಅದರ ಎರಡೂ ತುದಿಗಳಲ್ಲಿ ಗ್ರೀಸ್ ತುಂಬಿದ ಗುಂಡಿಯೊಳಗೆ ಚಕ್ರ ಹೊರಳಿದಾಗಲೂ ಬಲ ದಾಟಿಸುವ, ಆರು ಬಾಲುಗಳ ಸಿವಿ ಜಾಯಿಂಟ್ ಕೂತಿದೆ. ಚಕ್ರ ಕಲ್ಲಿನ ಸಂದಿಯಲ್ಲಿ ಸಿಕ್ಕಿದಾಗ ತಾವು ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ಎಳೆದು, ಆಕ್ಸಿಲರೇಟರನ್ನು ತಳಮುಟ್ಟ ತುಳಿಯುತ್ತೀರಲ್ಲ, ಆಗ ಬಾಲುಗಳು ತಂತಮ್ಮ ತೋಡಿನ ಅಂಚಿಗೆ ಬಂದು ನಿಂತಿರುತ್ತವೆ. ‘ಟಕ್’ ಎಂದು ಒಂದೇ ಸದ್ದು. ವಿಡಿಯೊ ಹಿಡಿಯುವವರಿಗೆ ಆ ಸದ್ದೆಂದರೆ ಪ್ರಾಣ.

ನಾಳೆ ಮನಸ್ಸು ಬದಲಾಗಿ ಎಕ್ಸೆಲನ್ನೂ ಗಟ್ಟಿ ಮಾಡಿಸಲು ಹೊರಟರೆ ಉಳಿತಾಯದ ದಾರಿಗಳು ಬೇಕಷ್ಟಿವೆ. ಕ್ರೋಮೊಲಿ ಎಂಬ ಗಟ್ಟಿ ಉಕ್ಕಿನ ಶಾಫ್ಟ್ ಹಾಕಿಸಿ, ಜಾಯಿಂಟ್ ಹಳೆಯದನ್ನೇ ಇಟ್ಟುಕೊಳ್ಳಿ. ಮುರಿಯುವ ಜಾಗವನ್ನು ಹುಡುಕುವ ಕೆಲಸ ತಪ್ಪುತ್ತದೆ. ಎಕ್ಸೆಲಿನ ಹೊರಕವಚವಾದ ಹೌಸಿಂಗಿಗೆ ಬಲ ಕೊಡುವ ಟ್ರಸ್ ಕೂರಿಸುವಾಗ ಅಲ್ಲೊಂದಿಂಚು ಇಲ್ಲೊಂದಿಂಚು ವೆಲ್ಡ್ ಮಾಡಿ ಆರಲು ಬಿಡುವವರು ಕೆಲಸವಿಲ್ಲದವರು. ತಾವು ಒಂದೇ ಉಸಿರಿಗೆ ಎಳೆಸಿ. ಹೌಸಿಂಗ್ ಸೊಟ್ಟಗಾಗಿ ಸೀಲ್ ಸೋರಿದರೆ ಸೋರಲಿ, ಟೈರು ಒಂದೇ ಬದಿ ಸವೆದರೆ ಸವೆಯಲಿ. ಕ್ರೌನ್-ಪಿನಿಯನ್ ಗೇರನ್ನು ಹಿಂದಿನ ಎಕ್ಸೆಲಿನಲ್ಲಷ್ಟೇ ಬೇರೆ ಅನುಪಾತಕ್ಕೆ ಬದಲಿಸಿ. ಫೋರ್ ವೀಲ್‌ಗೆ ಹಾಕಿದೊಡನೆ ಮುಂದಿನ ಚಕ್ರ ಒಂದು ವೇಗಕ್ಕೆ, ಹಿಂದಿನದು ಇನ್ನೊಂದು ವೇಗಕ್ಕೆ ಎಳೆದಾಡಿ ಟ್ರಾನ್ಸ್‌ಫರ್ ಕೇಸಿನ ಕಥೆಯನ್ನೂ ಮುಗಿಸುತ್ತವೆ.

ಆರ್‌ಟಿಒ ಚಿಂತೆ ಬೇಡ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಮಾರ್ಪಾಡಿಗೆ ಅಡ್ಡ ನಿಂತಿದೆ, ಒಂದೊಂದು ಅಕ್ರಮ ಮಾರ್ಪಾಡಿಗೂ 5,000 ರೂಪಾಯಿ ದಂಡ ಹಾಕಬಹುದು, ನಿಜ. ಆದರೆ ಇಷ್ಟು ಎತ್ತರದ ಟೈರು ದೂರದಿಂದಲೇ ಕಾಣುವುದರಿಂದ ಅವರ ಅರ್ಧ ಕೆಲಸವನ್ನು ತಾವೇ ಮುಗಿಸಿದ್ದೀರಿ.

ಇಷ್ಟರ ಮೇಲೂ ಒಂದು ಬಿನ್ನಹ. ಮೊದಲು ಎಕ್ಸೆಲ್, ಆಮೇಲೆ ಟೈರು. ಅಷ್ಟು ಖರ್ಚು ಬೇಡವೆಂದರೆ ಕಂಪನಿ ಅಳತೆಯ ಟೈರಿನಲ್ಲೇ ಹೋಗಿ, ಚಕ್ರ ನೇರವಾದ ಮೇಲೆ ಆಕ್ಸಿಲರೇಟರ್ ಒತ್ತಿ. ಇದಕ್ಕೆ ದುಡ್ಡೂ ಬೇಡ, ಅನುಮತಿಯೂ ಬೇಡ.

ಇತಿ,
ಎಳೆಯುವ ಹಗ್ಗ ಹಿಡಿದು ಹಿಂದೆ ಬರುವ
ತಮ್ಮ ವಿಧೇಯ