ಶಾರ್ಟೇಜ್ ರಾಯರು

ನಮ್ಮ ನಾಡಿನಲ್ಲಿ ಯಾವತ್ತೂ ಶಾರ್ಟೇಜ್ ಆಗದ ಸರಕು ಒಂದಿದ್ದರೆ ಅದು ಶಾರ್ಟೇಜ್ ರಾಯರು. ಕೌಂಟರಿನ ಹಿಂದೆ ಕೂತಿದ್ದರೆ ಅವರ ಬಾಯಲ್ಲಿ ಸ್ಟಾಫ್ ಶಾರ್ಟೇಜ್. ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದುಕೊಡುವ ಹೊತ್ತಿಗೆ ಚಿಲ್ಲರೆ ಶಾರ್ಟೇಜ್. ಮದುವೆ ಮನೆಯ ಉಸ್ತುವಾರಿ ವಹಿಸಿಕೊಂಡರೆ ಎರಡನೇ ಪಂಕ್ತಿಗೇ ಹೋಳಿಗೆ ಶಾರ್ಟೇಜ್. ಸಭೆಯಲ್ಲಿ ವಂದನಾರ್ಪಣೆಗೆ ಎದ್ದರೆ ಟೈಮ್ ಶಾರ್ಟೇಜ್ ಇದೆ ಎಂದು ಹೇಳುವುದಕ್ಕೇ ಇಪ್ಪತ್ತು ನಿಮಿಷ. ಆ ಮಾತು ಹೇಳುವಾಗ ಅವರ ಮುಖದಲ್ಲಿ ಸಂಕೋಚದ ಎಳೆಯೂ ಇರುವುದಿಲ್ಲ. ಆಕಾಶವಾಣಿಯಲ್ಲಿ ಹವಾಮಾನ ವರದಿ ಓದುವವರ ನಿರ್ಲಿಪ್ತತೆ ಇರುತ್ತದೆ. ಇವರ ಬಗ್ಗೆ ನನ್ನ ತಕರಾರು ಇಂಗ್ಲಿಷ್ ಪದ ಬಳಸುತ್ತಾರೆ ಎಂಬುದಲ್ಲ. ಶಾರ್ಟೇಜ್ ಎನ್ನುವುದು ಮೂಲತಃ ಒಂದು ಲೆಕ್ಕ. ರಾಯರು ಅದನ್ನು ಲೆಕ್ಕ ಒಪ್ಪಿಸದೆ ಜಾರಿಕೊಳ್ಳುವುದಕ್ಕೆ ಬಳಸುತ್ತಾರೆ ಎಂಬುದೇ ನನ್ನ ತಕರಾರು.

ಬೇಕಾದದ್ದು ಎಷ್ಟು, ಇರುವುದು ಎಷ್ಟು ಎಂಬ ಎರಡು ಅಂಕಿಗಳಿಲ್ಲದೆ ಶಾರ್ಟೇಜ್ ಹುಟ್ಟುವುದಿಲ್ಲ. ಈ ಪದವನ್ನು ಅತ್ಯಂತ ಪ್ರಾಮಾಣಿಕವಾಗಿ ಬಳಸುವವರು ನಮ್ಮ ಪಿಯು ಕಾಲೇಜುಗಳ ಗುಮಾಸ್ತರು. ಹಾಜರಾತಿ ಶೇ 75 ಇರಬೇಕು. ಇನ್ನೂರು ತರಗತಿ ನಡೆದಿದ್ದರೆ ನೂರೈವತ್ತಕ್ಕೆ ಬಂದಿರಬೇಕು. ಹುಡುಗ ಬಂದದ್ದು ನೂರ ನಲವತ್ತೊಂದಕ್ಕೆ. ಒಂಬತ್ತು ತರಗತಿ ಶಾರ್ಟೇಜ್, ಅಪ್ಪನನ್ನು ಕರೆದುಕೊಂಡು ಬಾ. ಎಷ್ಟು ಕಮ್ಮಿ, ಯಾರಿಂದ ಕಮ್ಮಿ, ಪರಿಹಾರವೇನು, ಎಲ್ಲವೂ ನೋಟಿಸ್ ಬೋರ್ಡಿನ ಒಂದೇ ಸಾಲಿನಲ್ಲಿ ಇರುತ್ತವೆ. ಸರ್ಕಾರಕ್ಕೂ ಮನಸ್ಸಿದ್ದರೆ ಇದು ಸಾಧ್ಯ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬವಣೆ ಬಂದಾಗ, ನಗರಕ್ಕೆ ದಿನಕ್ಕೆ 260 ಕೋಟಿ ಲೀಟರ್ ಬೇಕು, ಸುಮಾರು 50 ಕೋಟಿ ಲೀಟರ್ ಕೊರತೆ ಇದೆ ಎಂದು ಮುಖ್ಯಮಂತ್ರಿಗಳೇ ಅಂಕಿ ಕೊಟ್ಟಿದ್ದರು. ಅಂಕಿ ಕೊಟ್ಟವರ ಜೊತೆ ಜಗಳವನ್ನಾದರೂ ಆಡಬಹುದು. ರಾಯರ ಜೊತೆ ಅದಕ್ಕೂ ದಾರಿಯಿಲ್ಲ.

ಮದುವೆ ಮನೆಯನ್ನೇ ನೋಡಿ. "ಹೋಳಿಗೆ ಸಾಕಾಗಲಿಲ್ಲ" ಎಂದರೆ, ಎಷ್ಟು ಮಾಡಿಸಿದ್ದಿರಿ, ಯಾರು ಲೆಕ್ಕ ಹಾಕಿದ್ದು ಎಂದು ಬೀಗರು ಕೆದಕುತ್ತಾರೆ. "ಹೋಳಿಗೆ ಶಾರ್ಟೇಜ್ ಆಯ್ತು" ಎಂದರೆ ಅದು ತನ್ನಷ್ಟಕ್ಕೆ ತಾನೇ ಆದದ್ದು. ಎಲ್ಲರೂ ಸಹಿಸಿಕೊಳ್ಳಬೇಕು, ರಾಯರೂ ಸೇರಿದಂತೆ. ನಮ್ಮ ಹಿರಿಯರೂ ಇಲ್ಲ ಎನ್ನಲು ಹಿಂಜರಿಯುತ್ತಿದ್ದರಲ್ಲ, ದೀಪ ಆರಿತು ಎನ್ನದೆ ದೊಡ್ಡದಾಯಿತು ಎನ್ನುತ್ತಿದ್ದರಲ್ಲ ಎಂದು ಯಾರಾದರೂ ವಾದಿಸಬಹುದು. ನಿಜ. ಆದರೆ ಹಾಗೆನ್ನುತ್ತಿದ್ದ ಅಜ್ಜಿ ಮರೆಮಾಚುತ್ತಿದ್ದದ್ದು ಅಶುಭವನ್ನು; ಎಣ್ಣೆ ಹಾಕುವುದನ್ನು ಮರೆತ ಸೊಸೆಯನ್ನಲ್ಲ. ರಾಯರು ಮರೆಮಾಚುವುದು ಮರೆತವರನ್ನೇ, ಅದೂ ಬಹುಪಾಲು ತಮ್ಮನ್ನೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಹುದ್ದೆಗಳು ನಿಜಕ್ಕೂ ಖಾಲಿ ಇಲ್ಲವೇ? ಮೂವರ ಕೆಲಸವನ್ನು ಒಬ್ಬರೇ ಎಳೆಯುವ ಕಚೇರಿಗಳಿಲ್ಲವೇ? ಖಂಡಿತ ಇವೆ, ಅಲ್ಲಿ ದುಡಿಯುವವರ ಬೆನ್ನು ಬಾಗಿರುವುದೂ ಸುಳ್ಳಲ್ಲ. ಆದರೆ ಹಾಗೆ ದುಡಿಯುವವರು ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ನಿಮ್ಮ ಅರ್ಜಿ ಯಾವ ವಾರ ಮುಗಿದೀತು ಎಂದು ಬಾಯಿಪಾಠವಾಗಿ ಹೇಳುತ್ತಾರೆ. ರಾಯರು ಮಾತ್ರ "ಶಾರ್ಟೇಜ್, ಏನು ಮಾಡೋದು" ಎಂದು ಕಾಫಿಗೆ ಎದ್ದು ಹೋಗಿ, ಇದ್ದ ಶಾರ್ಟೇಜಿಗೆ ಒಂದು ತಲೆ ಸೇರಿಸುತ್ತಾರೆ.

ಮಾತಷ್ಟೇ ತಾನೇ, ಅದರಿಂದ ಯಾರಿಗೇನು ನಷ್ಟ ಎನ್ನುವವರು 2016ರ ನವೆಂಬರ್ ನೆನಪಿಸಿಕೊಳ್ಳಬೇಕು. ನೋಟು ರದ್ದಾಗಿ ಮೂರು ದಿನಕ್ಕೆ, ದೆಹಲಿ, ಉತ್ತರ ಪ್ರದೇಶಗಳ ಹಲವು ಊರುಗಳಲ್ಲಿ ಉಪ್ಪು ಸಿಗುವುದಿಲ್ಲವಂತೆ ಎಂಬ ಸುದ್ದಿ ಹಬ್ಬಿತು. ಉಪ್ಪು ತಯಾರಿಕೆಯಲ್ಲಿ ಚೀನಾ, ಅಮೆರಿಕಗಳ ಸಾಲಿನಲ್ಲಿ ನಿಲ್ಲುವ ದೇಶ ನಮ್ಮದು. ಅದರ ಬಹುಪಾಲು ಗುಜರಾತಿನ ಗದ್ದೆಗಳಲ್ಲೇ ಬೆಳೆಯುತ್ತದೆ. ಆದರೂ ಜನ ಮೂಟೆಗಟ್ಟಲೆ ಕೊಂಡರು, ಬೆಲೆ ಹಲವು ಪಟ್ಟು ಏರಿತು, ಕೆಲವು ಅಂಗಡಿಗಳಲ್ಲಿ ಉಪ್ಪು ನಿಜಕ್ಕೂ ಖಾಲಿಯಾಯಿತು. ಅಂಕಿಯಿಲ್ಲದ ಶಾರ್ಟೇಜ್ ಹೀಗೆ ಇಲ್ಲದ ಕೊರತೆಯನ್ನೂ ಹುಟ್ಟಿಸಬಲ್ಲದು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ರಾಯರ ಮೇಲೆ ರೇಗಬೇಡಿ, ಕನ್ನಡದಲ್ಲಿ ಮಾತಾಡಿ ಎಂದು ಪಾಠವನ್ನೂ ಮಾಡಬೇಡಿ. ಎಷ್ಟು ಬೇಕಿತ್ತು ಸ್ವಾಮಿ, ಎಷ್ಟಿದೆ ಎಂದು ಮೆಲ್ಲಗೆ ಕೇಳಿ. ಉತ್ತರ ಬಂದರೆ ಅದು ಶಾರ್ಟೇಜ್, ಕಾಯಿರಿ. ಬಾರದಿದ್ದರೆ ಅದು ಬರೀ ರಾಯರು. ಮೇಲಧಿಕಾರಿಯ ಕೊಠಡಿ ಯಾವ ಕಡೆ ಎಂದು ವಿಚಾರಿಸಿ.